ಹಳಿ ಇದೆ, ಹೊತ್ತಿಗೆ ರೈಲಿಲ್ಲ: ಹಾಸನ–ಚಿಕ್ಕಮಗಳೂರಿನ ಸ್ಥಳೀಯ ರೈಲಿನ ಲೆಕ್ಕಾಚಾರ

ಹಾಸನ ಜಂಕ್ಷನ್‌ನಿಂದ ನಾಲ್ಕು ದಿಕ್ಕಿಗೆ ನಾಲ್ಕು ರೈಲು ಮಾರ್ಗಗಳು ಹೊರಡುತ್ತವೆ. ಉತ್ತರಕ್ಕೆ ಅರಸೀಕೆರೆ, ದಕ್ಷಿಣಕ್ಕೆ ಹೊಳೆನರಸೀಪುರ, ಕೃಷ್ಣರಾಜನಗರದ ಮೂಲಕ ಮೈಸೂರು, ಪಶ್ಚಿಮಕ್ಕೆ ಆಲೂರು, ಸಕಲೇಶಪುರ ದಾಟಿ ಮಂಗಳೂರು, ಪೂರ್ವಕ್ಕೆ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಹಾದು ಬೆಂಗಳೂರು. ಹಾಸನವನ್ನು ಬಿಟ್ಟು ಜಿಲ್ಲೆಯಲ್ಲಿರುವ ಏಳು ತಾಲ್ಲೂಕು ಕೇಂದ್ರಗಳ ಪೈಕಿ ಐದು ಈ ಮಾರ್ಗಗಳ ಮೇಲೆಯೇ ಇವೆ. ಬೇಲೂರು ಮತ್ತು ಅರಕಲಗೂಡು ಮಾತ್ರ ಹೊರಗುಳಿದಿವೆ. ಆ ಐದೂ ಊರುಗಳು ಹಾಸನದಿಂದ 50 ಕಿ.ಮೀ. ಒಳಗಿವೆ. ದಿನಾ ಹೋಗಿ ಬರುವವರಿಗೆ ಇದಕ್ಕಿಂತ ಅನುಕೂಲವಾದ ವಿನ್ಯಾಸ ಕರ್ನಾಟಕದ ಬೇರೆ ಜಿಲ್ಲಾ ಕೇಂದ್ರಗಳಿಗೆ ದಕ್ಕಿರುವುದು ಅಪರೂಪ. ಹೀಗಿದ್ದೂ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಹಾಸನಕ್ಕೆ ಬರುವ ವಿದ್ಯಾರ್ಥಿಗಳು, ನೌಕರರು, ಆಸ್ಪತ್ರೆಗೆ ಬರುವವರು ಬಹುಪಾಲು ಬಸ್ಸನ್ನೇ ನಂಬಿದ್ದಾರೆ.

ಸ್ಥಳೀಯ ರೈಲಿಗೆ ಹೂಡಿಕೆ ಎಂದ ಕೂಡಲೇ ನಮ್ಮಲ್ಲಿ ಚರ್ಚೆ ಹೊಸ ಮಾರ್ಗಗಳ ಕಡೆಗೆ ಹೊರಳಿಬಿಡುತ್ತದೆ. ಸಮೀಕ್ಷೆ, ಭೂಸ್ವಾಧೀನ, ಶಂಕುಸ್ಥಾಪನೆ, ಕಿಲೋಮೀಟರು, ಕೋಟಿಗಳಷ್ಟೇ ಸುದ್ದಿಯಾಗುತ್ತವೆ. 2025-26ರ ಕೇಂದ್ರ ಬಜೆಟ್‌ನಲ್ಲಿ ಕರ್ನಾಟಕದ ರೈಲ್ವೆ ಕಾಮಗಾರಿಗಳಿಗೆ 7,564 ಕೋಟಿ ರೂಪಾಯಿ ಹಂಚಿಕೆಯಾಯಿತು ಎಂಬುದು ದೊಡ್ಡ ಸುದ್ದಿಯಾಗಿತ್ತು. ಆದರೆ ಆ ಹಣದಿಂದ ಹೊಳೆನರಸೀಪುರದ ವಿದ್ಯಾರ್ಥಿಗೆ ಬೆಳಿಗ್ಗೆ ಒಂಬತ್ತೂವರೆಗೆ ಹಾಸನ ತಲುಪಿಸುವ ಒಂದು ರೈಲಾದರೂ ಹೆಚ್ಚಿಗೆ ಸಿಕ್ಕಿತೇ ಎಂದು ಯಾರೂ ಕೇಳುವುದಿಲ್ಲ. ಹಾಸನದ ಮಟ್ಟಿಗೆ ಹೂಡಿಕೆಯ ಫಲವನ್ನು ಅಳೆಯಬೇಕಾದ್ದು ಈ ಪ್ರಶ್ನೆಯಿಂದಲೇ ಎಂಬುದು ಈ ಲೇಖನದ ನಿಲುವು.

ಮೊದಲು ಬೇಡಿಕೆಯ ವಿಷಯ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ, ಚಿಕ್ಕಮಗಳೂರಿನದು 11.38 ಲಕ್ಷ. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ಕ್ಕೆ ಹೋಲಿಸಿದರೆ ಕೊಂಚ ಇಳಿದೇ ಇತ್ತು. ಇಂತಹ ಕಡೆ ಮುಂಬೈ ಮಾದರಿಯ ಉಪನಗರ ರೈಲು ಬೇಕೆನ್ನುವುದು ಅತಿಯಾದ ಮಾತು. ಅದನ್ನು ಇಲ್ಲಿ ಯಾರೂ ಕೇಳುತ್ತಲೂ ಇಲ್ಲ. ಮಲೆನಾಡಿನ ಕೊಪ್ಪ, ಶೃಂಗೇರಿ, ಮೂಡಿಗೆರೆ, ಕಳಸದ ಕಡೆಗೆ ಹಳಿ ಹೋಗುವುದು ಈಗಿನ ಮಾತಲ್ಲ, ಅಲ್ಲಿಗೆ ಬಸ್ಸೇ ಸರಿ. ಆದರೆ ಬಯಲು ಸೀಮೆಯ ಸೆರಗಿನಲ್ಲಿ, ಹಳಿ ಈಗಾಗಲೇ ಇರುವ ಕಡೆ, ಬೆಳಿಗ್ಗೆ ಎರಡು ಮತ್ತು ಸಂಜೆ ಎರಡು ರೈಲುಗಳನ್ನು ತುಂಬಿಸುವಷ್ಟು ಜನ ಖಂಡಿತ ಇದ್ದಾರೆ. ಎಂಟು ಬೋಗಿಯ ಒಂದು ಮೆಮು ರೈಲಿನಲ್ಲಿ (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಸುಮಾರು 600 ಮಂದಿ ಕೂರಬಹುದು. ಅಂದರೆ ಹತ್ತು ಹನ್ನೆರಡು ಬಸ್ಸುಗಳ ಜನ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಎಂಜಿನಿಯರಿಂಗ್ ಮತ್ತು ಪದವಿ ಕಾಲೇಜುಗಳು, ಜಿಲ್ಲಾ ನ್ಯಾಯಾಲಯ, ಕೈಗಾರಿಕಾ ಪ್ರದೇಶದ ಸಿದ್ಧ ಉಡುಪು ಘಟಕಗಳು ದಿನವೂ ಎಳೆದುಕೊಳ್ಳುವ ಜನರನ್ನು ನೋಡಿದವರಿಗೆ ಈ ಲೆಕ್ಕ ಹೆಚ್ಚೆನಿಸದು.

ಹಾಗಾದರೆ ರೈಲು ಏಕೆ ಓಡುತ್ತಿಲ್ಲ? ಮೊದಲ ಕಾರಣ ವೇಳಾಪಟ್ಟಿಯಲ್ಲೇ ಇದೆ. ಹಾಸನವನ್ನು ಹಾದುಹೋಗುವ ದೂರದ ರೈಲುಗಳು ಬೆಂಗಳೂರು, ಮೈಸೂರು ಅಥವಾ ಕರಾವಳಿಯ ಪ್ರಯಾಣಿಕರ ಅನುಕೂಲ ನೋಡಿ ಹೊರಡುತ್ತವೆ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಮಂಗಳೂರು ಮುಟ್ಟುವ ರೈಲು ಹಾಸನಕ್ಕೆ ನಡುರಾತ್ರಿಯ ಆಸುಪಾಸಿಗೆ ಬರುವುದು ಸಹಜವೇ. ಸ್ಥಳೀಯರ ಪಾಲಿಗೆ ಉಳಿಯುವುದು ಪ್ಯಾಸೆಂಜರ್ ರೈಲುಗಳು. ಅವುಗಳ ಗತಿಯೇನೆಂದು ತಿಳಿಯಲು ಸಿಂಗಲ್ ಲೈನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು.

ಹಾಸನದಿಂದ ಹೊರಡುವ ಮಾರ್ಗಗಳು ಒಂಟಿ ಹಳಿಯವು. ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ರೈಲು ಇರಬಹುದು. ಎದುರಿನಿಂದ ಇನ್ನೊಂದು ಬರುವುದಿದ್ದರೆ ಯಾವುದಾದರೂ ಒಂದು ನಿಲ್ದಾಣದ ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ, ಸರಿದು ಕಾಯಬೇಕು. ಜನ ಇದನ್ನೇ ಕ್ರಾಸಿಂಗ್ ಎನ್ನುತ್ತಾರೆ. ಸಣ್ಣ ನಿಲ್ದಾಣದಲ್ಲಿ ಪ್ಯಾಸೆಂಜರ್ ಬಂದು ನಿಲ್ಲುತ್ತದೆ. ಎದುರಿನ ಎಕ್ಸ್‌ಪ್ರೆಸ್ ಇನ್ನೂ ಮುಂದಿನ ನಿಲ್ದಾಣವನ್ನೇ ಬಿಟ್ಟಿರುವುದಿಲ್ಲ. ಪ್ರಯಾಣಿಕರು ಕೆಳಗಿಳಿದು ಕೈಕಾಲು ಚಾಚುತ್ತಾರೆ, ಕೆಲವರು ನಲ್ಲಿಯತ್ತ ಹೋಗುತ್ತಾರೆ, ಹತ್ತು ಗಂಟೆಗೆ ಕಚೇರಿ ಸೇರಬೇಕಾದವರು ಗಡಿಯಾರ ನೋಡುತ್ತಾರೆ. ಎಕ್ಸ್‌ಪ್ರೆಸ್ ಧೂಳೆಬ್ಬಿಸಿಕೊಂಡು ಹಾದುಹೋದ ಮೇಲೆ ಸ್ಟೇಷನ್ ಮಾಸ್ಟರ್ ಮುಂದಿನ ನಿಲ್ದಾಣದಿಂದ ಲೈನ್ ಕ್ಲಿಯರ್, ಅಂದರೆ ಹಳಿ ಖಾಲಿಯಿದೆ ಎಂಬ ಒಪ್ಪಿಗೆ, ಪಡೆದು ಸಿಗ್ನಲ್ ಕೊಡಬೇಕು. ಕಾಯುವ ಸರದಿ ಸಾಮಾನ್ಯವಾಗಿ ಪ್ಯಾಸೆಂಜರ್ ರೈಲಿನದೇ, ಏಕೆಂದರೆ ಆದ್ಯತೆಯ ಪಟ್ಟಿಯಲ್ಲಿ ಅದು ಕೆಳಗಿದೆ. 40 ಕಿ.ಮೀ. ಪ್ರಯಾಣದಲ್ಲಿ ಇಂತಹ ಎರಡು ಕ್ರಾಸಿಂಗ್ ಬಿದ್ದರೆ ಬಸ್ಸಿಗಿಂತ ರೈಲು ತಡವಾಗುತ್ತದೆ, ಒಮ್ಮೆ ತಡವಾಗಿ ಹಾಜರಿ ತಪ್ಪಿಸಿಕೊಂಡವರು ಮರುದಿನ ಬಸ್ ನಿಲ್ದಾಣಕ್ಕೇ ಹೋಗುತ್ತಾರೆ.

ಒಂಟಿ ಹಳಿಯ ಸಾಮರ್ಥ್ಯವನ್ನು ಅಂದಾಜು ಮಾಡಲು ರೈಲ್ವೆಯವರು ಬಳಸುವ ಸ್ಕಾಟ್ ಸೂತ್ರ ಎಂಬ ಸರಳ ಲೆಕ್ಕವೊಂದಿದೆ. ದಿನದ 1,440 ನಿಮಿಷಗಳನ್ನು, ಎರಡು ನಿಲ್ದಾಣಗಳ ನಡುವಿನ ಅತಿ ಉದ್ದದ ಅಂತರವನ್ನು ದಾಟಲು ನಿಧಾನದ ರೈಲಿಗೆ ಬೇಕಾಗುವ ನಿಮಿಷಗಳು ಮತ್ತು ಸಿಗ್ನಲ್ ವ್ಯವಹಾರಕ್ಕೆ ಹಿಡಿಯುವ ನಿಮಿಷಗಳ ಮೊತ್ತದಿಂದ ಭಾಗಿಸಿ, ಬಂದದ್ದರಲ್ಲಿ ಶೇ 70ರಷ್ಟನ್ನು ಮಾತ್ರ ನಂಬಬಹುದೆಂದು ಹಿಡಿಯುವುದು ರೂಢಿ. ಎರಡು ಕ್ರಾಸಿಂಗ್ ನಿಲ್ದಾಣಗಳ ನಡುವೆ 12 ಕಿ.ಮೀ. ಅಂತರವಿದೆ, ದಾಟಲು 15 ನಿಮಿಷ ಬೇಕು, ಸಿಗ್ನಲಿಗೆ 5 ನಿಮಿಷ ಎಂದಿಟ್ಟುಕೊಳ್ಳೋಣ. ಎರಡೂ ದಿಕ್ಕು ಸೇರಿ ದಿನಕ್ಕೆ ಸುಮಾರು 50 ರೈಲುಗಳು ಓಡಬಹುದು. ನಟ್ಟನಡುವೆ ಇನ್ನೊಂದು ಕ್ರಾಸಿಂಗ್ ನಿಲ್ದಾಣ ಕಟ್ಟಿದರೆ ದಾಟುವ ಹೊತ್ತು ಏಳೂವರೆ ನಿಮಿಷಕ್ಕಿಳಿದು ಸಾಮರ್ಥ್ಯ 80ಕ್ಕೆ ಏರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಹಳಿ ನಿರ್ವಹಣೆಗೆ ಬಿಡುವ ವೇಳೆ, ಗೂಡ್ಸ್ ರೈಲುಗಳ ವೇಗ, ಸಿಬ್ಬಂದಿಯ ಪಾಳಿ ಎಲ್ಲವೂ ಇದನ್ನು ತಗ್ಗಿಸುತ್ತವೆ. ಆದರೂ ಕೆಲವೇ ನೂರು ಮೀಟರ್ ಲೂಪ್ ಲೈನ್, ಒಂದಿಷ್ಟು ಸಿಗ್ನಲ್ ವ್ಯವಸ್ಥೆ, ಒಂದು ಚಿಕ್ಕ ಕಟ್ಟಡದಿಂದ ಇಡೀ ಮಾರ್ಗದ ಉಸಿರಾಟ ಎಷ್ಟು ಸಲೀಸಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಜೋಡಿ ಮಾರ್ಗ ಬರುವವರೆಗೂ ಏನೂ ಆಗದು ಎಂದು ಕೈಕಟ್ಟಿ ಕೂರುವ ಅಗತ್ಯವಿಲ್ಲ.

ಎರಡನೆಯ ಕಾರಣ ಹಣದ್ದು, ಮತ್ತು ಇದರ ಬಗ್ಗೆ ನಮ್ಮ ಸಾರ್ವಜನಿಕ ಚರ್ಚೆ ತೀರಾ ಕಡಿಮೆ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟು ಮಾತ್ರ ವಸೂಲಾಗುತ್ತದೆ ಎಂದು ರೈಲ್ವೆಯವರು ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಿಸಿದ್ದುಂಟು. ಹತ್ತು ರೂಪಾಯಿಯ ಪ್ಯಾಸೆಂಜರ್ ಟಿಕೆಟ್ಟಿನ ವಿಷಯದಲ್ಲಿ ನಷ್ಟ ಇನ್ನೂ ಹೆಚ್ಚೇ ಇರಬೇಕು. ಒಂಟಿ ಹಳಿಯ ಮೇಲೆ ಒಂದು ಪ್ಯಾಸೆಂಜರ್ ರೈಲು ಓಡಿಸುವುದೆಂದರೆ ಲಾಭ ತರುವ ಒಂದು ಗೂಡ್ಸ್ ರೈಲನ್ನು ಅಷ್ಟು ಹೊತ್ತು ತಡೆದು ನಿಲ್ಲಿಸುವುದು. ಮಂಗಳೂರು ಬಂದರಿನಿಂದ ರಾಜ್ಯದ ಒಳನಾಡಿಗೆ ಬರುವ ಸರಕು ಹಾಸನದ ಮೇಲೆ ಸಾಗುತ್ತದೆ. ಹೀಗಿರುವಾಗ ಸ್ಥಳೀಯ ರೈಲು ಹೆಚ್ಚಿಸಲು ರೈಲ್ವೆ ವಿಭಾಗಕ್ಕೆ ಯಾವ ಆಸೆಯೂ ಹುಟ್ಟುವಂತಿಲ್ಲ. ಜನಪ್ರತಿನಿಧಿಗಳು ಮನವಿ ಕೊಡುತ್ತಾರೆ, ಪರಿಶೀಲಿಸುವುದಾಗಿ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಇದರಲ್ಲಿ ಅಧಿಕಾರಿಗಳ ಅಸಡ್ಡೆಯನ್ನು ಹುಡುಕುವುದಕ್ಕಿಂತ ಲೆಕ್ಕದ ಓರೆಯನ್ನು ಗುರುತಿಸುವುದು ಮೇಲು.

ಈ ಓರೆಗೆ ಇನ್ನೊಂದು ಮುಖವಿದೆ. ಕರ್ನಾಟಕ ಸರ್ಕಾರ ಹಲವು ಹೊಸ ಮಾರ್ಗಗಳಿಗೆ ಅರ್ಧ ವೆಚ್ಚವನ್ನೂ ಭೂಮಿಯನ್ನೂ ಕೊಡುತ್ತ ಬಂದಿದೆ. ಮೀಟರ್ ಗೇಜಿನ ಹಾಸನ–ಮಂಗಳೂರು ಮಾರ್ಗವನ್ನು ಬ್ರಾಡ್‌ಗೇಜ್ ಮಾಡಲು 2003ರಲ್ಲಿ ರೈಲ್ವೆ ಸಚಿವಾಲಯ ಮತ್ತು ರಾಜ್ಯ ಸರ್ಕಾರ ಸೇರಿ ಪ್ರತ್ಯೇಕ ಕಂಪನಿಯನ್ನೇ ಕಟ್ಟಿದವು. ಜಂಟಿ ಹೂಡಿಕೆಯ ಪಾಠ ಹಾಸನಕ್ಕೆ ಹೊಸದೇನಲ್ಲ. ಆದರೆ ಹಣ ಕೊಟ್ಟ ರಾಜ್ಯಕ್ಕೆ ಆ ಹಳಿಯ ಮೇಲೆ ಯಾವ ರೈಲು ಎಷ್ಟು ಗಂಟೆಗೆ ಓಡಬೇಕೆಂದು ಹೇಳುವ ಹಕ್ಕು ಬರುವುದಿಲ್ಲ. ಮನೆ ಕಟ್ಟಲು ಅರ್ಧ ಹಣ ಕೊಟ್ಟವರು ಬಾಗಿಲು ಯಾವಾಗ ತೆರೆಯುತ್ತದೆಂದು ಹೊರಗೆ ನಿಂತು ಕಾಯುವಂತಾಗಿದೆ. ಒಮ್ಮೆ ಕೊಡುವ ಬಂಡವಾಳದ ಜೊತೆಗೆ, ನಿಗದಿತ ರೈಲುಗಳ ಓಡಾಟದ ನಷ್ಟವನ್ನು ವರ್ಷವರ್ಷವೂ ಇಂತಿಷ್ಟೆಂದು ತುಂಬಿಕೊಟ್ಟು, ಅದಕ್ಕೆ ಪ್ರತಿಯಾಗಿ ಬೆಳಗಿನ ಮತ್ತು ಸಂಜೆಯ ವೇಳೆಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳುವ ಒಪ್ಪಂದವನ್ನು ರಾಜ್ಯ ಮಾಡಿಕೊಂಡರೆ ಹೂಡಿಕೆಗೆ ಅರ್ಥ ಬರುತ್ತದೆ.

ಅಂತಹ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಶಕ್ತಿ ಯೋಜನೆಯಲ್ಲೇ ಇದೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಇದರಿಂದ ಹೆಣ್ಣುಮಕ್ಕಳ ಓಡಾಟಕ್ಕೆ ಬಂದ ಬಲವನ್ನು ಕಡೆಗಣಿಸುವಂತಿಲ್ಲ. ಆದರೆ ರೈಲಿನ ಕಡೆಯಿಂದ ನೋಡಿದರೆ, ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ಮಹಿಳೆಗೆ ಬಸ್ಸು ಪುಕ್ಕಟೆ, ರೈಲಿಗೆ ಹಣ. ರೈಲು ಎಷ್ಟೇ ಅಗ್ಗವಾದರೂ ಶೂನ್ಯದ ಜೊತೆ ಪೈಪೋಟಿ ನಡೆಸಲಾರದು. ಅತ್ತ ಸರ್ಕಾರ ಪ್ರತಿ ಶೂನ್ಯ ಟಿಕೆಟ್ಟಿಗೂ ಬಸ್ ದರದ ಲೆಕ್ಕದಲ್ಲಿ ನಿಗಮಕ್ಕೆ ಹಣ ತುಂಬಿಕೊಡಬೇಕು; 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದ ಮೇಲೆ ಆ ಹೊರೆಯೂ ಏರಿದೆ. ಅದೇ ದೂರಕ್ಕೆ ರೈಲಿನ ಸಾಮಾನ್ಯ ದರ್ಜೆಯ ದರ ಹತ್ತೋ ಹದಿನೈದೋ ರೂಪಾಯಿ, ಬಸ್ ದರ ಅದರ ಹಲವು ಪಟ್ಟು. ಹಾಗಾಗಿ ಸ್ಥಳೀಯ ರೈಲಿನ ತಿಂಗಳ ಪಾಸನ್ನು ಮಹಿಳೆಯರಿಗೆ ರಾಜ್ಯವೇ ಕೊಡಿಸಿದರೆ, ಅದೇ ಪ್ರಯಾಣಕ್ಕೆ ಈಗ ಬಸ್ಸಿಗೆ ಕಟ್ಟುತ್ತಿರುವುದಕ್ಕಿಂತ ಕಡಿಮೆ ಹಣದಲ್ಲಿ ಕೆಲಸವಾಗುತ್ತದೆ. ಉಳಿದದ್ದರಲ್ಲಿ ರೈಲಿನ ನಷ್ಟದ ಒಂದು ಪಾಲನ್ನು ತುಂಬಬಹುದು. ಬೆಳಿಗ್ಗೆ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಬರುವ ಕಾಲೇಜು ಹುಡುಗರಿಗೂ ಬಸ್ಸಿನಲ್ಲಿ ಜಾಗ ಸಿಗುತ್ತದೆ.

ದರದ ವಿಷಯದಲ್ಲಿ ರೈಲ್ವೆ ಮಾಡಿದ ಒಂದು ಎಡವಟ್ಟನ್ನು ಇಲ್ಲಿ ನೆನೆಯಬೇಕು. ಕೋವಿಡ್ ನಂತರ ಪ್ಯಾಸೆಂಜರ್ ರೈಲುಗಳನ್ನು ವಿಶೇಷ, ಎಕ್ಸ್‌ಪ್ರೆಸ್ ಎಂದು ಕರೆದು ಕನಿಷ್ಠ ದರವನ್ನು 10ರಿಂದ 30 ರೂಪಾಯಿಗೆ ಏರಿಸಲಾಗಿತ್ತು. ರೈಲು ಅದೇ, ವೇಗವೂ ಅದೇ, ನಿಲ್ಲುವ ಊರುಗಳೂ ಅವೇ. 2024ರ ಫೆಬ್ರುವರಿಯಲ್ಲಿ ಹಳೆಯ ದರ ಮರಳಿತಾದರೂ ಅಷ್ಟರಲ್ಲಿ ಬಸ್ಸಿಗೆ ಹೋದ ದಿನನಿತ್ಯದ ಪ್ರಯಾಣಿಕರನ್ನು ದರ ಇಳಿಕೆಯೊಂದರಿಂದಲೇ ಹಿಂದಕ್ಕೆ ಕರೆತರಲಾಗದು.

ಇನ್ನು ಹಣ ಬಂದರೆ ಮೊದಲು ಏನು ಕೊಳ್ಳಬೇಕು? ಕ್ರಾಸಿಂಗ್ ನಿಲ್ದಾಣಗಳ ಮಾತಾಯಿತು. ಅದರ ಜೊತೆಗೆ ಬೇಕಾದ್ದು ರೇಕುಗಳು, ಅಂದರೆ ಜೋಡಿಸಿದ ಬೋಗಿಗಳ ಇಡೀ ರೈಲುಗಳು, ಮತ್ತು ಅವು ರಾತ್ರಿ ತಂಗುವ ಜಾಗ. ಬೆಳಿಗ್ಗೆ ಹಾಸನಕ್ಕೆ ಜನರನ್ನು ತರಬೇಕಾದ ರೈಲು ಹಿಂದಿನ ರಾತ್ರಿ ಅರಸೀಕೆರೆಯಲ್ಲೋ ಸಕಲೇಶಪುರದಲ್ಲೋ ನಿಂತಿರಬೇಕು. ಹಾಸನದಲ್ಲೇ ನಿಂತಿದ್ದರೆ ಬೆಳಿಗ್ಗೆ ಖಾಲಿ ಹೋಗಿ ಜನರನ್ನು ಹೊತ್ತು ಬರುವಷ್ಟರಲ್ಲಿ ಕಚೇರಿ ಸಮಯ ಮೀರಿರುತ್ತದೆ. ಹೊರ ಊರುಗಳಲ್ಲಿ ರೇಕು ನಿಲ್ಲಿಸಲು ಒಂದು ಹೆಚ್ಚುವರಿ ಹಳಿ, ನೀರು ತುಂಬಿಸುವ, ಗುಡಿಸಿ ತೊಳೆಯುವ ಏರ್ಪಾಡು, ಲೋಕೋ ಪೈಲಟ್ ಮತ್ತು ಗಾರ್ಡ್ ಮಲಗಲು ಕೋಣೆ ಬೇಕು. ಇವು ಉದ್ಘಾಟನೆಯ ಫಲಕ ಹಾಕಿಸುವಷ್ಟು ದೊಡ್ಡ ಕಾಮಗಾರಿಗಳಲ್ಲದ ಕಾರಣಕ್ಕೋ ಏನೋ ಬೇಡಿಕೆಯ ಪಟ್ಟಿಗಳಲ್ಲಿ ಕಾಣಿಸುವುದೇ ಇಲ್ಲ. ಮೆಮುವಿಗೆ ಎರಡೂ ತುದಿಯಲ್ಲಿ ಚಾಲಕರ ಕ್ಯಾಬಿನ್ ಇರುವುದರಿಂದ ಎಂಜಿನ್ ತಿರುಗಿಸುವ ಗೋಜಿಲ್ಲ. ಆಗಾಗ ನಿಂತು ಹೊರಡುವ ಓಟದಲ್ಲಿ ಅದು ಬೇಗ ವೇಗ ಹಿಡಿಯುತ್ತದೆ. ಹೀಗಾಗಿ ಅರಸೀಕೆರೆಯಿಂದ ಬಂದ ರೈಲು ಹಾಸನದಲ್ಲಿ ಕೊನೆಯಾಗದೆ ಚನ್ನರಾಯಪಟ್ಟಣಕ್ಕೆ, ಹೊಳೆನರಸೀಪುರದಿಂದ ಬಂದದ್ದು ಸಕಲೇಶಪುರಕ್ಕೆ ಮುಂದುವರಿಯಬಹುದು, ಹಾಸನದ ಪ್ಲಾಟ್‌ಫಾರ್ಮುಗಳೂ ಬೇಗ ತೆರವಾಗುತ್ತವೆ.

ಸಕಲೇಶಪುರದಾಚೆಗೆ ಈ ಸೇವೆಯನ್ನು ಎಳೆಯುವುದು ತರವಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. 50 ಅಡಿಗೆ ಒಂದು ಅಡಿಯಂತೆ ಏರುವ ಆ ಹಳಿಯ ಮೇಲೆ ರೈಲು ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಷ್ಟೇ ಸಾಗುತ್ತದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ಸಂಚಾರ ನಿಂತಿತ್ತು, 2018ರ ಮಳೆಗಾಲದಲ್ಲೂ ಹಾಗೆಯೇ ಆಗಿತ್ತು. ಘಾಟಿಯ ಗುಡ್ಡಗಳನ್ನು ಭದ್ರಪಡಿಸುವುದು ಅಗತ್ಯವೇ, ಆದರೆ ಅದು ದೂರ ಪ್ರಯಾಣ ಮತ್ತು ಸರಕು ಸಾಗಣೆಯ ಖಾತೆಗೆ ಸೇರಬೇಕಾದ ಖರ್ಚು.

ಚಿಕ್ಕಮಗಳೂರಿನ ಕಥೆ ಬೇರೆ. 1996-97ರಲ್ಲಿ ಕಡೂರು–ಚಿಕ್ಕಮಗಳೂರು–ಸಕಲೇಶಪುರ ಮಾರ್ಗ ಮಂಜೂರಾಯಿತು. ಅದರಲ್ಲಿ ಕಡೂರಿನಿಂದ ಚಿಕ್ಕಮಗಳೂರುವರೆಗಿನ 46 ಕಿ.ಮೀ. ಮುಗಿದು ರೈಲು ಓಡಿದ್ದು 2013ರ ನವೆಂಬರಿನಲ್ಲಿ. ಅದೇ 1996-97ರಲ್ಲಿ ಮಂಜೂರಾದ ಹಾಸನ–ಬೆಂಗಳೂರು ಮಾರ್ಗದ 166 ಕಿ.ಮೀ. ಪೂರ್ಣಗೊಂಡದ್ದು 2017ರ ಮಾರ್ಚ್‌ನಲ್ಲಿ. ಒಂದು ತಲೆಮಾರಿನ ವಿದ್ಯಾರ್ಥಿಗಳು ಓದು ಮುಗಿಸಿ ಬೇರೆ ಊರು ಸೇರುವಷ್ಟು ಕಾಲ. ಚಿಕ್ಕಮಗಳೂರಿನ ಹಳಿ ಇಂದಿಗೂ ಅಲ್ಲೇ ಕೊನೆಯಾಗುತ್ತದೆ. ಹಾಸನಕ್ಕೆ ರಸ್ತೆಯಲ್ಲಿ ಬೇಲೂರಿನ ಮೇಲೆ 60 ಕಿ.ಮೀ. ಆಸುಪಾಸು, ರೈಲಿನಲ್ಲಿ ಹೋಗಬೇಕೆಂದರೆ ಸಖರಾಯಪಟ್ಟಣ, ಕಡೂರು, ಅರಸೀಕೆರೆ ಸುತ್ತಿ ಸುಮಾರು 130 ಕಿ.ಮೀ. ಹಾಗೆ ಯಾರೂ ಹೋಗುವುದಿಲ್ಲ.

ಈಗ ಸಕಲೇಶಪುರದ ಬದಲು ಚಿಕ್ಕಮಗಳೂರಿನಿಂದ ಬೇಲೂರಿಗೆ, ಬೇಲೂರಿನಿಂದ ಹಾಸನಕ್ಕೆ ಹಳಿ ಹಾಕುವ ಯೋಜನೆಗಳಿವೆ. ಎರಡೂ ಸೇರಿದರೆ ಸುಮಾರು 50 ಕಿ.ಮೀ. ಉದ್ದದ ಕೊಂಡಿ. ಇದು ಬರಲೇಬೇಕಾದ ಮಾರ್ಗ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದನ್ನು ಸಮರ್ಥಿಸುವ ಭಾಷಣಗಳಲ್ಲಿ ಪ್ರವಾಸೋದ್ಯಮವೇ ಮುಂದಿರುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲಂತೂ ಇನ್ನೂ ಹೆಚ್ಚು. ಪ್ರವಾಸಿ ವಾರಾಂತ್ಯಕ್ಕೆ ಬರುತ್ತಾನೆ, ಬೆಂಗಳೂರಿನಿಂದ ನೇರ ರೈಲು ಕೇಳುತ್ತಾನೆ. ಬೇಲೂರಿನಿಂದ ಚಿಕ್ಕಮಗಳೂರಿನ ಕಾಲೇಜಿಗೆ ಹೋಗುವ ಹುಡುಗಿಗೆ ಬೇಕಾದ್ದು ವಾರದ ಐದಾರು ದಿನವೂ ಬೆಳಿಗ್ಗೆ ಎಂಟೂವರೆಗೊಂದು ರೈಲು, ಮತ್ತು ಅದು ಪೇಟೆಗೆ ಹತ್ತಿರ ನಿಲ್ಲುವುದು. ನಿಲ್ದಾಣವನ್ನು ಅಗ್ಗದ ಭೂಮಿ ಸಿಕ್ಕಿತೆಂದು ಊರಾಚೆ ಕಟ್ಟಿದರೆ ಅಲ್ಲಿಂದ ಆಟೊಗೆ ಕೊಡುವ ಹಣ ರೈಲಿನ ದರದ ಹಲವು ಪಟ್ಟಾಗುತ್ತದೆ. ಈ ನಿರ್ಧಾರಗಳು ನಕ್ಷೆಯ ಹಂತದಲ್ಲೇ ಆಗಿಹೋಗುತ್ತವೆ, ಆಮೇಲೆ ತಿದ್ದಲಾಗದು.

ಬೇಲೂರು ಸೀಮೆಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳ ಓಡಾಟ ದಿನದ ಸಂಗತಿ. ಆನೆ ತಡೆಯಲು ಹಳೆಯ ರೈಲು ಕಂಬಿಗಳ ಬೇಲಿ ಹಾಕುವ ಜಿಲ್ಲೆ ಇದು. ಹೊಸ ಹಳಿ ಆನೆಗಳ ದಾರಿಯನ್ನು ಕತ್ತರಿಸುವ ಕಡೆ ಕೆಳಸೇತುವೆಗೋ ರಾತ್ರಿ ವೇಗಮಿತಿಗೋ ಮೊದಲೇ ಜಾಗ ಮಾಡಿಕೊಳ್ಳದಿದ್ದರೆ, ಮುಂದೆ ವೇಳಾಪಟ್ಟಿಯೂ ಕೆಡುತ್ತದೆ, ಆನೆಯೂ ಸಾಯುತ್ತದೆ.

ಬೆಂಗಳೂರಿನ ಕಡೆಯ ತುದಿಯಲ್ಲಿ ನಿಯಮವೊಂದು ಅಡ್ಡ ಬರುತ್ತದೆ. ರೈಲ್ವೆಯ ತಿಂಗಳ ಪಾಸು ಸಾಮಾನ್ಯವಾಗಿ 150 ಕಿ.ಮೀ.ವರೆಗೆ ಮಾತ್ರ. ಹಾಸನದಿಂದ ಚಿಕ್ಕಬಾಣಾವರವೇ 166 ಕಿ.ಮೀ. ಆದ್ದರಿಂದ ಶ್ರವಣಬೆಳಗೊಳದವರು ಬೆಂಗಳೂರಿಗೆ ಪಾಸು ಪಡೆಯಬಹುದು, ಹಾಸನದವರು ಪಡೆಯಲಾಗದು. ದಿನಾ ಅಷ್ಟು ದೂರ ಓಡಾಡುವವರು ವಿರಳ, ಸರಿ. ಆದರೆ ವಾರಕ್ಕೆ ಎರಡು ಮೂರು ದಿನ ಮಾತ್ರ ಕಚೇರಿಗೆ ಹೋಗುವ ಉದ್ಯೋಗಗಳು ಹೆಚ್ಚಿರುವ ಈ ಕಾಲದಲ್ಲಿ ಮಿತಿಯನ್ನು 200 ಕಿ.ಮೀ.ಗೆ ಏರಿಸುವುದು ಒಂದು ಪೈಸೆಯ ಕಾಮಗಾರಿಯೂ ಇಲ್ಲದೆ ಆಗುವ ಸುಧಾರಣೆ. ಇನ್ನು ಚಿಕ್ಕಬಾಣಾವರದಿಂದ ಮುಂದಕ್ಕೆ ಬೈಯಪ್ಪನಹಳ್ಳಿಯ ಕಡೆಗೆ ಉಪನಗರ ರೈಲಿನ ಮಲ್ಲಿಗೆ ಮಾರ್ಗ ಬರಬೇಕಿದೆ. ನಾಲ್ಕು ಕಾರಿಡಾರ್‌ಗಳ, 148 ಕಿ.ಮೀ. ಉದ್ದದ, 15,767 ಕೋಟಿ ರೂಪಾಯಿಯ ಆ ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳ ಮಾತು ಕೇಳಿಬಂದಿತ್ತು. ಆ ಗಡುವು 2025ರಲ್ಲೇ ದಾಟಿದೆ, ಒಂದು ಕಾರಿಡಾರೂ ಓಡಿಲ್ಲ. ಅಲ್ಲಿ ಕಿಲೋಮೀಟರಿಗೆ ನೂರು ಕೋಟಿ ರೂಪಾಯಿಗೂ ಮೀರಿದ ಲೆಕ್ಕ. ಹಾಸನ–ಬೆಂಗಳೂರು ಹೊಸ ಮಾರ್ಗ ಮುಗಿದದ್ದು ಒಟ್ಟು ಸುಮಾರು 1,300 ಕೋಟಿ ರೂಪಾಯಿಯಲ್ಲಿ, ಅಂದರೆ ಕಿಲೋಮೀಟರಿಗೆ ಎಂಟು ಕೋಟಿ ರೂಪಾಯಿಯ ಆಸುಪಾಸು. ಮಹಾನಗರದ ಮೇಲ್ಸೇತುವೆ ಹಳಿಗೂ ಬಯಲಿನ ಒಂಟಿ ಹಳಿಗೂ ವೆಚ್ಚ ಒಂದೇ ಆಗದು ನಿಜ. ಆದರೂ ಬೆಂಗಳೂರಿನ ಒಂದೆರಡು ಕಿಲೋಮೀಟರಿನ ಹಣದಲ್ಲಿ ಹಾಸನದ ಸುತ್ತ ಕ್ರಾಸಿಂಗ್ ನಿಲ್ದಾಣ, ರೇಕು ನಿಲ್ಲುವ ಹಳಿಗಳಂತಹ ಕೆಲಸಗಳು ಎಷ್ಟು ಆಗಬಹುದು ಎಂದು ಕೇಳುವುದು ಅನ್ಯಾಯವಲ್ಲ.

ಇವೆಲ್ಲಕ್ಕೂ ಸಹಿ ಹಾಕುವವರು ಯಾರು ಎಂಬುದು ಉಳಿಯುತ್ತದೆ. ಬಸ್ಸು ರಾಜ್ಯದ ಸಾರಿಗೆ ಇಲಾಖೆಯದು, ರೈಲು ಕೇಂದ್ರದ್ದು, ನಿಲ್ದಾಣದ ಮುಂದಿನ ರಸ್ತೆ ನಗರಾಡಳಿತದ್ದು. ರೈಲು ಬರುವ ಹೊತ್ತಿಗೆ ನಿಲ್ದಾಣದ ಮುಂದೆ ನಗರ ಸಾರಿಗೆಯ ಬಸ್ಸು ನಿಂತಿರಬೇಕೆಂಬ ಸಣ್ಣ ಕೆಲಸಕ್ಕೂ ಮೂರು ಕಚೇರಿ ಸುತ್ತಬೇಕು. ಬೇಲೂರು ಮಾರ್ಗಕ್ಕೆ ರಾಜ್ಯ ತನ್ನ ಪಾಲಿನ ಭೂಮಿಯನ್ನು ಹಸ್ತಾಂತರಿಸುವ ಹಂತವೇ ಷರತ್ತು ಹಾಕಲು ಇರುವ ಸರಿಯಾದ ಹೊತ್ತು: ನಾಲ್ಕೂ ದಿಕ್ಕಿನಿಂದ ಹಾಸನಕ್ಕೆ ಮತ್ತು ಕಡೂರಿನಿಂದ ಚಿಕ್ಕಮಗಳೂರಿಗೆ ಬೆಳಿಗ್ಗೆ ಒಂಬತ್ತೂವರೆಯೊಳಗೆ ಮುಟ್ಟುವ ರೈಲು, ಸಂಜೆ ಐದೂವರೆಯ ನಂತರ ಹಿಂದಿರುಗುವ ರೈಲು, ಕ್ರಾಸಿಂಗ್‌ನಲ್ಲಿ ಆ ಎರಡು ಹೊತ್ತು ಮಾತ್ರ ಅವಕ್ಕೆ ಆದ್ಯತೆ, ಮತ್ತು ತಿಂಗಳಿಗೆ ಎಷ್ಟು ದಿನ ಹೊತ್ತಿಗೆ ತಲುಪಿದವೆಂಬ ಲೆಕ್ಕ ನಿಲ್ದಾಣದ ಫಲಕದ ಮೇಲೆ. ಭೂಮಿ ಕೈಬಿಟ್ಟ ಮೇಲೆ ಈ ಷರತ್ತುಗಳನ್ನು ಕೇಳಲು ರಾಜ್ಯದ ಕೈಯಲ್ಲಿ ಮನವಿ ಪತ್ರವಷ್ಟೇ ಇರುತ್ತದೆ.